ಕಂಬದ ಲೆಕ್ಕ

ನಾನು ಕಂಬಕ್ಕೆ ಒರಗಿ ಕೂರುವುದಿಲ್ಲ. ಈ ವ್ರತದಿಂದ ಮದುವೆಮನೆಗಳಲ್ಲಿ ನನಗೆ ಆಗಿರುವ ನಷ್ಟ ಅಷ್ಟಿಷ್ಟಲ್ಲ. ಹೋಳಿಗೆ ಊಟ ಮುಗಿಸಿ, ಎಲೆ ಅಡಿಕೆ ದವಡೆಗೆ ಸೇರಿಸಿ, ಹಜಾರದ ಒಂದು ಕಂಬಕ್ಕೆ ಬೆನ್ನು ಕೊಟ್ಟು ಅರ್ಧ ಕಣ್ಣು ಮುಚ್ಚುವ ಸುಖ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಆ ಸುಖಕ್ಕೆಂದೇ ನಮ್ಮ ಹಿರಿಯರು ಹಜಾರಗಳಲ್ಲಿ ಅಗತ್ಯಕ್ಕಿಂತ ಎರಡು ಕಂಬ ಹೆಚ್ಚು ನಿಲ್ಲಿಸಿದ್ದಾರೆ ಎಂಬುದು ನನ್ನ ಅನುಮಾನ. ನಾನೋ ಗೋಡೆ ಹುಡುಕಿಕೊಂಡು ಹೋಗುತ್ತೇನೆ. ಗೋಡೆ ಬದಿಯ ಜಾಗವೆಲ್ಲ ಮೊದಲೇ ಮುದುಕಿಯರ ಪಾಲಾಗಿರುತ್ತದೆ. ಅವರ ನಡುವೆ ತೂರಿಕೊಂಡು, ಅಂಗಿಯ ಬೆನ್ನಿಗೆಲ್ಲ ಸುಣ್ಣ ಬಳಿದುಕೊಂಡು ಎದ್ದು ಬರುತ್ತೇನೆ.

ಮೊನ್ನೆ ನನ್ನ ಸೋದರಮಾವ ಕೇಳಿಯೇಬಿಟ್ಟ: "ಯಾಕ್ಲಾ, ಕಂಬ ಕಚ್ತದಾ ನಿನ್ನ?"

ಬೆನ್ನಿಗೆ ಚಪ್ಪಟೆ ಆಸರೆ ಒಳ್ಳೆಯದು, ಕಂಬದ ಎಣ್ಣೆ ಜಿಡ್ಡು ಬಟ್ಟೆಗೆ ಹತ್ತುತ್ತದೆ, ಕಿಟಕಿ ಗೋಡೆಯಲ್ಲಿರುತ್ತದೆಯೇ ಹೊರತು ಕಂಬದಲ್ಲಲ್ಲ ಎಂದು ಮೂರು ಕಾರಣ ಕೊಟ್ಟೆ. ಮೂರೂ ಸುಳ್ಳು. ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠವೇ ಇದು. ನಿಜವಾದ ಕಾರಣ ಹೇಳಲಾಗದಿದ್ದರೆ ಬೇರೆ ಮೂರು ಕಾರಣ ಹೇಳು. ಕೇಳುವವನಿಗೆ ಅವನ್ನು ಎಣಿಸುವುದರಲ್ಲೇ ಹೊತ್ತು ಹೋಗುತ್ತದೆ. ನಿಮಗೆ ನಿಜವಾದ ಕಾರಣ ಹೇಳುತ್ತೇನೆ. ಅದಕ್ಕೂ ಮುಂಚೆ ಒಂದು ಮಾತು: ನಾನು ದೆವ್ವ ಭೂತ ನಂಬುವವನಲ್ಲ. ಆಗಲೂ ಅಲ್ಲ, ಈಗಲೂ ಅಲ್ಲ. ಇದನ್ನು ದಯವಿಟ್ಟು ಕೊನೆಯವರೆಗೂ ನೆನಪಿಟ್ಟುಕೊಳ್ಳಿ. ನಾನೂ ಇಟ್ಟುಕೊಳ್ಳಲು ಪ್ರಯತ್ನಿಸುತ್ತೇನೆ.

ದಬ್ಬೇಘಟ್ಟದ ನಮ್ಮ ಮನೆಯಲ್ಲಿ, ನಮ್ಮ ಕಡೆಯ ಎಲ್ಲ ಮನೆಗಳ ಹಾಗೆ, ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಕೊಬ್ಬರಿಗೆಂದು ಇಟ್ಟ ಕಾಯನ್ನು ಸಿಪ್ಪೆ ಸಮೇತ ಹತ್ತು ಹನ್ನೆರಡು ತಿಂಗಳು ಕತ್ತಲಲ್ಲಿ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ತಿರುಳು ಒಣಗಿ, ಕುಗ್ಗಿ, ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗುತ್ತದೆ. ಬಿಡಿಸಿಕೊಳ್ಳುವಾಗ ಒಮ್ಮೊಮ್ಮೆ 'ಟಕ್' ಎನ್ನುತ್ತದೆ. ಸಾವಿರಾರು ಕಾಯಿಗಳ ಕೆಳಗೆ ಮಲಗಿದ ಮಗುವಿಗೆ ಆ ಟಕ್ ಏನೇನಾಗಿ ಕೇಳಿಸಬಹುದೋ ಊಹಿಸಿಕೊಳ್ಳಿ. "ಕಾಯಿ ಮಾತಾಡ್ಕೊತಾವೆ, ಮಲಕ್ಕೊ" ಎನ್ನುತ್ತಿದ್ದಳು ಅಜ್ಜಿ. ಹತ್ತು ವರ್ಷದವನಾಗಿದ್ದಾಗ ಟಾರ್ಚು ಹಿಡಿದು ಅಟ್ಟ ಹತ್ತಿ, ಸದ್ದಿನ ಮೂಲ ಕಂಡುಹಿಡಿದು ಬಂದು, ನೀರು ಇಂಗುವುದರಿಂದ ಹಿಡಿದು ಚಿಪ್ಪು ಬಿಡುವವರೆಗೆ ಅವಳಿಗೆ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿದಳು. "ಹೂಂ ಕಣಪ್ಪ, ಅದನ್ನೇ ನಾನೂ ಹೇಳಿದ್ದು" ಎಂದಳು. ನನ್ನ ವಾದದ ಬದುಕಿನ ಮೊದಲ ಸೋಲು ಅದು. ಗೆದ್ದೆನೆಂದುಕೊಂಡು ಎದುರಾಳಿಯ ಪರವಾಗಿಯೇ ವಾದಿಸಿ ಬರುವ ಕಲೆಯಲ್ಲಿ ನಾನು ಆಗಲೇ ಪಳಗಿದ್ದೆ. ಗೊತ್ತಿರಲಿಲ್ಲ ಅಷ್ಟೆ.

ತಿಪಟೂರಿನಲ್ಲಿ ಬಿ.ಎಸ್ಸಿ. ಓದುವಾಗ ಮೂರು ವರ್ಷ ನನ್ನ ಬಾಯಿಗೆ ಬಿಡುವಿರಲಿಲ್ಲ. ಎಲ್ಲಿ ಚರ್ಚಾಸ್ಪರ್ಧೆ ನಡೆದರೂ ನಾನು ಹಾಜರ್. ಗ್ರಹಣದ ದಿನ ಕಾಲೇಜಿನ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿಂದು ತೋರಿಸಿದವನು ನಾನು. ಆ ಚಿತ್ರಾನ್ನ ಹಳಸಿತ್ತು. ಮಾರನೆಯ ದಿನ ನನಗಾದದ್ದಕ್ಕೆ ಕಾರಣ ಗ್ರಹಣವಲ್ಲ, ಹಳಸಿದ ಅನ್ನವೇ ಎಂದು ಆಸ್ಪತ್ರೆಯ ಮಂಚದ ಮೇಲಿಂದಲೂ ವಾದಿಸಿದೆ. ಒಮ್ಮೆ ಅಂಗವಿಕಲ ಮಕ್ಕಳಿಗೆ ಗಣಿತ ಕಲಿಸಬೇಕೆ, ಕೈಕೆಲಸ ಕಲಿಸಬೇಕೆ ಎಂಬ ವಿಷಯ ಬಂತು. ಬೆಳಿಗ್ಗೆ ಗಣಿತದ ಪರ ಮಾತಾಡಿ ಗೆದ್ದೆ. ಮಧ್ಯಾಹ್ನ ಫೈನಲ್ಲಿನಲ್ಲಿ ಚೀಟಿ ಎತ್ತಿದಾಗ ವಿರೋಧ ಬಂತು. ವಿರೋಧ ಮಾತಾಡಿ ಅದನ್ನೂ ಗೆದ್ದೆ.

ತೀರ್ಪುಗಾರರಲ್ಲಿ ತುರುವೇಕೆರೆಯ ರಾಜಮ್ಮ ಟೀಚರ್ ಇದ್ದರು. ನಿವೃತ್ತರಾಗಿದ್ದರೂ ಸುಮ್ಮನೆ ಕೂರದ ಹೆಂಗಸು. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ನಾನು ಬಸ್ ಸ್ಟ್ಯಾಂಡಿನಲ್ಲಿ ಪೇಪರು ಓದುತ್ತಿದ್ದಾಗ ಹಿಡಿದರು.

"ಏನಪ್ಪ, ಆ ಮಕ್ಕಳಿಗೆ ಲೆಕ್ಕ ಬರುತ್ತೋ ಬರಲ್ವೋ?"

"ಯಾವ ಕಡೆ ಮಾತಾಡ್ಲಿ ಮೇಡಂ?"

"ಮಾತು ಸಾಕು. ಎಂಟು ಮಕ್ಕಳಿವೆ. ಬಂದು ಕಲಿಸು."

ಹೀಗೆ ನಾನು ಮೇಷ್ಟ್ರಾದೆ. ತುರುವೇಕೆರೆ ಪೇಟೆಯ ಕೊಬ್ಬರಿ ವ್ಯಾಪಾರಿ ರುದ್ರಯ್ಯನವರು ತಮ್ಮ ಮನೆಯ ಮುಂದಿನ ಹಜಾರವನ್ನು ರಾಜಮ್ಮನವರ ತರಗತಿಗೆ ಬಿಟ್ಟುಕೊಟ್ಟಿದ್ದರು. ಎಣ್ಣೆ ಕುಡಿದು ಕಪ್ಪಾದ ನಾಲ್ಕು ಕಂಬ. ಅವುಗಳ ಮೇಲೆ ತೊಲೆ. ತೊಲೆಯ ಮೇಲೆ ಮನೆಯುದ್ದಕ್ಕೂ ಅಟ್ಟ. ಹಿತ್ತಲ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಚಿಪ್ಪು ಒಡೆಯುವ ಸದ್ದು ದಿನವಿಡೀ. ಈ ಸದ್ದಿನ ನಡುವೆ ನನ್ನ ಎಂಟು ಮಕ್ಕಳು. ಕೆಲವರಿಗೆ ಕಿವಿ ಇಲ್ಲ, ಒಬ್ಬನಿಗೆ ಕಣ್ಣಿಲ್ಲ, ಇನ್ನಿಬ್ಬರಿಗೆ ಸೋಮವಾರ ಬಂದ ಮಗ್ಗಿ ಮಂಗಳವಾರಕ್ಕೆ ಇರುವುದಿಲ್ಲ. ಪುಟ್ಟಸ್ವಾಮಿ ಎಂಬುವನು ಯಾವ ಲೆಕ್ಕ ಕೇಳಿದರೂ "ಹನ್ನೊಂದು" ಎನ್ನುತ್ತಿದ್ದ. ಯಾವತ್ತೋ ಒಂದು ದಿನ ಆ ಉತ್ತರಕ್ಕೆ ಯಾರೋ ಬೆನ್ನು ತಟ್ಟಿದ್ದರಂತೆ. ಅವನಿಗಾಗಿ ನಾನು ವಾರಕ್ಕೆರಡು ಬಾರಿ ಆರಕ್ಕೆ ಐದನ್ನು ಕೂಡಿಸುವ ಲೆಕ್ಕ ಕೊಡುತ್ತಿದ್ದೆ. ಹನ್ನೊಂದು ಎಂದು ಕೂಗಿ ಅವನು ಸುತ್ತ ನೋಡುವ ನೋಟಕ್ಕೆ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ನನ್ನ ಎಲ್ಲ ಕಪ್ಪುಗಳನ್ನೂ ಕೊಟ್ಟುಬಿಡಬಹುದಿತ್ತು.

ಚೆನ್ನಿಯದು ಬೇರೆ ಕಥೆ. ಹನ್ನೆರಡು ವರ್ಷ, ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ತಾಯಿ ಕೆಂಪಮ್ಮ ಹಂದನಕೆರೆ ಕಡೆಯಿಂದ ಬಂದು ಅದೇ ಅಂಗಳದಲ್ಲಿ ಚಿಪ್ಪು ಒಡೆಯುತ್ತಿದ್ದವಳು. ಚೆನ್ನಿ ಬೆಳೆದದ್ದೇ ಕಾಯಿ ರಾಶಿಗಳ ನಡುವೆ. ದೂರದ ಊರಿನ ಕಿವುಡು ಮಕ್ಕಳ ವಸತಿ ಶಾಲೆಯೊಂದರಲ್ಲಿ ಒಂದು ಜಾಗ ಇದೆ, ಮುಂದಿನ ತಿಂಗಳು ಅಲ್ಲಿಂದ ಒಬ್ಬ ಮೇಡಂ ಬಂದು ಪರೀಕ್ಷೆ ಮಾಡುತ್ತಾರೆ, ಇಪ್ಪತ್ತರೊಳಗೆ ಕೂಡುವುದು ಕಳೆಯುವುದು ಬಂದರೆ ಚೆನ್ನಿಯನ್ನು ಕರೆದುಕೊಂಡು ಹೋಗುತ್ತಾರೆ ಎಂದು ರಾಜಮ್ಮನವರು ಹೇಳಿದ್ದರು. ಬಾರದಿದ್ದರೆ ತಾಯಿಯ ಪಕ್ಕದಲ್ಲಿ ಅವಳಿಗೂ ಒಂದು ಕಲ್ಲು, ಒಂದು ರಾಶಿ ಚಿಪ್ಪು.

ಬರುತ್ತಿರಲಿಲ್ಲ. ಐದು ಹುಣಿಸೆ ಬೀಜ ಇಟ್ಟರೆ ನಾಲ್ಕು ಬೆರಳು ತೋರಿಸುತ್ತಿದ್ದಳು. ಎಂಟಿಟ್ಟರೆ ಏಳು. ಒಂಬತ್ತರಲ್ಲಿ ನಾಲ್ಕು ಕಳೆದರೆ ನಾಲ್ಕು. ಯಾವಾಗಲೂ ಒಂದು ಕಡಿಮೆ. ಅದಕ್ಕಿಂತ ನನ್ನನ್ನು ಕೆರಳಿಸುತ್ತಿದ್ದದ್ದು ಅವಳ ಭಕ್ತಿ. ಲೆಕ್ಕಕ್ಕೆ ಮುಂಚೆ ಮೊದಲ ಬೀಜವನ್ನೆತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡು ಆಚೆ ಇಡುವಳು. ಬೀಜ ಇಲ್ಲದಿದ್ದರೆ ಬರೀ ಬೆರಳನ್ನಾದರೂ ಕಣ್ಣಿಗೆ ಮುಟ್ಟಿಸಿಕೊಳ್ಳುವಳು. ಗಣಿತದ ತರಗತಿಯಲ್ಲಿ ಪೂಜೆಯೇ! ಗ್ರಹಣದಲ್ಲಿ ಚಿತ್ರಾನ್ನ ತಿಂದವನ ಎದುರಿಗೆ! ಒಂದು ದಿನ ಅವಳ ಕೈ ಹಿಡಿದು ಕೆಳಗಿಳಿಸಿದೆ. ಮತ್ತೆ ಎತ್ತಿದಳು. ಮತ್ತೆ ಇಳಿಸಿದೆ. ಅಂದಿನಿಂದ ಚೆನ್ನಿ ಎಣಿಸುವುದನ್ನೇ ಬಿಟ್ಟಳು. ಬೀಜ ಇಟ್ಟರೆ ನನ್ನ ಮುಖ ನೋಡುವಳು, ಕೈ ಮಡಿಲಲ್ಲೇ ಇರುವುದು. 'ಸಂಖ್ಯೆಯ ಕಲ್ಪನೆ ಇಲ್ಲ' ಎಂದು ರಾಜಮ್ಮನವರ ಪುಸ್ತಕದಲ್ಲಿ ಬರೆದೆ. ಅಕ್ಷರ ಚೆನ್ನಾಗಿ ಬಂದಿತ್ತು.

ಆದರೆ ನನ್ನ ಬೆನ್ನ ಹಿಂದೆ ಅವಳು ಎಣಿಸುತ್ತಿದ್ದಳು. ಏನನ್ನು ಎಂಬುದೇ ಗೊತ್ತಾಗಲಿಲ್ಲ.

ದಿನಾ ಊಟವಾದ ಮೇಲೆ, ಎರಡು ಗಂಟೆಯ ಹೊತ್ತಿಗೆ, ಚೆನ್ನಿ ಒಳಬದಿಯ ಕಂಬದ ಹತ್ತಿರ ಹೋಗಿ ಎಡ ಅಂಗೈಯನ್ನು ಅದಕ್ಕೆ ಒತ್ತಿ ನಿಲ್ಲುತ್ತಿದ್ದಳು. ಕಣ್ಣು ನೆಲದ ಮೇಲೆ. ಬಲಗೈ ಒಮ್ಮೆ ಕಣ್ಣಿಗೆ ಹೋಗುವುದು. ಆಮೇಲೆ ಕೂತು, ಕಂಬದ ಬುಡದಲ್ಲಿ ಸೀಮೆಸುಣ್ಣದಿಂದ ಒಂದೊಂದೇ ಗೀಟು. ಗೀಟು ಮುಗಿದ ಮೇಲೂ ಅಂಗೈ ತೆಗೆಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಏನೋ ತಿಳಿದವಳ ಹಾಗೆ ತಲೆಯಾಡಿಸಿ, ಬಂದು ಕೂರುತ್ತಿದ್ದಳು. ಆಟ ಎಂದುಕೊಂಡೆ. ನಾನು ಗಮನಿಸಿದ ಮೊದಲ ದಿನ ಇಪ್ಪತ್ತೆರಡು ಗೀಟು ಇದ್ದವು. ಮರುದಿನ ಅದರ ಕೆಳಗೆ ಇಪ್ಪತ್ತೆರಡು. ಅದರ ಕೆಳಗೆ ಇಪ್ಪತ್ತು. ಒಂದು ದಿನ ಇಪ್ಪತ್ತೊಂದಕ್ಕೆ ಏರಿ, ಆಮೇಲೆ ಹತ್ತೊಂಬತ್ತು, ಹದಿನೆಂಟು, ಹದಿನೆಂಟು, ಹದಿನಾರು. ಒಂದರ ಕೆಳಗೊಂದು ಸಾಲು ಕಿರಿದಾಗುತ್ತಾ ಬಂದು ತಲೆಕೆಳಗಾದ ಗೋಪುರದಂತೆ ಕಾಣುತ್ತಿತ್ತು. ಕಳೆಯುವ ಲೆಕ್ಕ ಬಾರದ ಹುಡುಗಿ ದಿನಾ ಯಾವುದನ್ನೋ ಕಳೆಯುತ್ತಿದ್ದಳು.

ಮೊದಲು ಕಂಡದ್ದು ರುದ್ರಯ್ಯನವರ ಸೊಸೆ ಪಾರ್ವತಕ್ಕನಿಗೆ.

"ಮೇಷ್ಟ್ರೇ, ಇದೇನಿದು?"

"ಗೀಟು ಕಣಕ್ಕ. ಸೀಮೆಸುಣ್ಣದ್ದು."

"ಕುಲ್ಡಿಯಲ್ಲ ನಾನು. ದಿನಾ ಕಮ್ಮಿ ಆಯ್ತಾ ಅವಲ್ಲ, ಯಾಕೆ? ಮಾವ ಹಬ್ಬದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಡಾಕ್ಟ್ರು ಮೆಟ್ಲು ಹತ್ಬಾರ್ದು, ಅಲ್ಲಾಡ್ಬಾರ್ದು ಅಂದವ್ರೆ. ಇಂಥ ಹೊತ್ನಲ್ಲಿ ನಮ್ಮನೆ ಕಂಬದಲ್ಲಿ ಯಾರ ಆಯಸ್ಸು ಎಣಿಸ್ತಾವ್ಳೆ ಇವ್ಳು?"

ಅಂಗಳದ ಹೆಂಗಸರಿಗೆ ಅಷ್ಟು ಸಾಕಾಯಿತು. ಒಬ್ಬಳು ಹೇಳಿದಳು: "ಹೋದ್ವರ್ಸ ಗೌಡ್ರ ಹಸಾನ ದಿಟ್ಟಿಸ್ಕಂಡು ಕುಂತಿತ್ತು ಕಣ್ರೀ. ಮಾರ್ನೇ ದಿನ ಹಸ ಹೋಯ್ತು."

"ನನ್ನೂ ದಿನಾ ದಿಟ್ಟಿಸ್ತಾಳೆ, ನಾನು ಬದುಕಿಲ್ವಾ?" ಎಂದೆ.

"ನಿಂಗಿನ್ನೂ ಮಾರ್ನೇ ದಿನ ಬಂದಿಲ್ಲ ಬುಡಪ್ಪ."

ಕೆಂಪಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. "ಮೂಗಿ ಅವ್ವ ಅದು, ಅದಕ್ಕೇನ್ ಗೊತ್ತು" ಎಂದಳೇ ಹೊರತು ಮಗಳ ಕಡೆ ನೋಡುವ ಧೈರ್ಯ ಅವಳಿಗೂ ಇರಲಿಲ್ಲ. ಅಂದಿನ ಸಾಲಿನಲ್ಲಿ ಹದಿನಾಲ್ಕು ಗೀಟಿದ್ದವು. ಚೆನ್ನಿಯನ್ನು ಕೂಡಲೇ ತರಗತಿಯಿಂದ ಬಿಡಿಸಬೇಕು ಎಂದಳು ಪಾರ್ವತಕ್ಕ. ಪರೀಕ್ಷೆಯ ಮೇಡಂ ಬರಲು ಇನ್ನೂ ಮೂರು ವಾರವಿತ್ತು. ರಾಜಮ್ಮನವರು ಬೇಡಿಕೊಂಡರು. ನಾನು ಬೇಡಿಕೊಳ್ಳಲಿಲ್ಲ, ಸವಾಲು ಹಾಕಿದೆ: "ಮೂರು ದಿನ ಕೊಡಿ. ಏನು ಎಣಿಸ್ತಾಳೆ ಅಂತ ಸಾಬೀತು ಮಾಡ್ತೀನಿ. ಆಗದಿದ್ರೆ ನಾನೇ ಕಳಿಸ್ತೀನಿ."

ಮೊದಲ ದಿನ ಎರಡು ಗಂಟೆಗೆ ಚೆನ್ನಿಯ ಪಕ್ಕದಲ್ಲಿ ನಿಂತು ನಾನೂ ಕಂಬಕ್ಕೆ ಅಂಗೈ ಇಟ್ಟೆ. ಏನೂ ಇಲ್ಲ. ಕಿವಿಗೆ ಅಂಗಳದ ಟಕಟಕ ಬಿಟ್ಟರೆ ಬೇರೇನೂ ಇಲ್ಲ. ಚೆನ್ನಿ ನನ್ನ ಕೈಯನ್ನು ಹಿಡಿದು ಒಂದು ಗೇಣು ಕೆಳಗಿಳಿಸಿ, ಬೆರಳು ಬಿಡಿಸಿ, ಒತ್ತಿದಳು. ಆಗ ಬಂತು. ಸದ್ದಲ್ಲ. ಸದ್ದಿಗೆ ಮುಂಚೆ ಇರುವ ಏನೋ. ಮರದೊಳಗಿಂದ ಅಂಗೈಗೆ ಒಂದು ಮೆತ್ತನೆಯ ಒದೆತ. ಬಿಡುವು. ಮತ್ತೊಂದು. ಬಿಡುವು. ಮತ್ತೊಂದು. ಯಾರೋ ನಮ್ಮ ತಲೆಯ ಮೇಲೆ, ತೆಂಗಿನಕಾಯಿಗಳ ನಡುವೆ, ನಡೆದುಹೋಗುತ್ತಿದ್ದರು.

ನಾನು ಕೈ ಕಿತ್ತುಕೊಂಡೆ. ಪುಟ್ಟಸ್ವಾಮಿ ನನ್ನನ್ನು ನೋಡಿ ನಗುತ್ತಿದ್ದ. ಹೊರಗೆ ಬಿರು ಬಿಸಿಲು. ಅಟ್ಟಕ್ಕೆ ಈಗ ಕಾಯಿ ಏರಿಸುವ ಕಾಲವಲ್ಲ. ಆಳುಗಳು ಯಾರೂ ಹತ್ತುವುದಿಲ್ಲ. ರುದ್ರಯ್ಯನವರ ಮಗ ತಿಪಟೂರಿಗೆ ಹೋಗಿದ್ದಾನೆ. ಪಾರ್ವತಕ್ಕ ಅಡಿಗೆಮನೆಯಲ್ಲಿ. ರುದ್ರಯ್ಯನವರು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದಾರೆ. ಮನೆಯ ಜನರನ್ನೆಲ್ಲ ಲೆಕ್ಕ ಹಾಕಿದೆ, ಯಾರೂ ಉಳಿಯಲಿಲ್ಲ.

ಎರಡನೆಯ ದಿನ, ಎರಡು ದಾಟಿ ಐದು ನಿಮಿಷವಾದಾಗ, ನಾನೇ ಹಿಂದಿನ ಪಡಸಾಲೆಯ ಮೆಟ್ಟಿಲು ಹತ್ತಿದೆ. ಬಾಗಿಲು ಒರಗಿಸಿತ್ತು, ಅಷ್ಟೆ. ಮಾಡಿನ ಒಂದೇ ಗಾಜಿನ ಹೆಂಚಿನಿಂದ ಇಳಿದ ಬೆಳಕು ನಡುವೆ ಎಲ್ಲೋ ನಿಂತಿತ್ತು. ಎರಡೂ ಪಕ್ಕ ಕಾಯಿ ರಾಶಿ, ಮಾಡಿನವರೆಗೆ. ಅರೆಗತ್ತಲಲ್ಲಿ ಸಿಪ್ಪೆಕಾಯಿ ಹೇಗೆ ಕಾಣುತ್ತದೆ ಗೊತ್ತೇ? ನಾರು ಕೆದರಿದ ತಲೆಯ ಹಾಗೆ. ಸಾವಿರಾರು ತಲೆಗಳು ಒಂದರ ಮೇಲೊಂದು ಕೂತು ನನ್ನನ್ನೇ ನೋಡುತ್ತಿದ್ದವು. ಆ ಗುಂಪಿನೊಳಗೆ ಯಾರೋ ಉಸಿರಾಡುತ್ತಿದ್ದರು. ಗೊರಗೊರ ಎಳೆಯುವ ಉಸಿರು. ಬಳಿಕ ಗುಡುಗುಡು ಎಂಬ ಸದ್ದು. ಮತ್ತೆ ಒಂದು ಧ್ವನಿ, ಮೆಲ್ಲಗೆ: "ಇಲ್ಲ... ನೀನಿನ್ನೂ ಬುಟ್ಟಿಲ್ಲ."

ಮೂರು ಜಿಲ್ಲೆಯ ಸಭಿಕರನ್ನು ಎದುರಿಸಿದ ನಾನು ಬಾಗಿಲಿಗೆ ಬೆನ್ನು ತಾಗುವವರೆಗೆ ಹಿಂದೆ ಸರಿದೆ.

"ಯಾರ್ಲಾ ಅದು?" ಎಂದಿತು ಧ್ವನಿ.

ರುದ್ರಯ್ಯನವರು. ಬರೀ ಮೈ, ಹಣೆಯ ತುಂಬ ವಿಭೂತಿ, ಒಂದು ಕೈ ತೊಲೆಯ ಮೇಲೆ, ಇನ್ನೊಂದರಲ್ಲಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ ಕಾಯಿ.

"ನಾನು ಸ್ವಾಮಿ, ಲೆಕ್ಕದ ಮೇಷ್ಟ್ರು."

"ಎದೆ ಒಡ್ಸ್ಬುಟ್ಯಲ್ಲೋ. ಬಾಗ್ಲು ಹಾಕು. ಪಾರ್ವತಿಗೆ ಗೊತ್ತಾದ್ರೆ ಬೀಗ ಜಡಿತಾಳೆ." ಉಂಡೆ ಇನ್ನೂ ಚಿಪ್ಪು ಬಿಡದ ಆ ಕಾಯನ್ನು ರಾಶಿಗೆ ಇಟ್ಟರು. "ಮನೆಯೋರು ಮಲಕ್ಕೊ ಮಲಕ್ಕೊ ಅಂತವ್ರೆ. ಅರವತ್ ವರ್ಸ ಈ ಕಾಯ್ ಸದ್ದು ಕೇಳಿ ಊಟ ಮಾಡ್ದೋನು ನಾನು. ಆ ಕೊನೇ ಗೋಡೆ ಮಗ್ಲಲ್ಲಿ ಇರೋದು ಬಾವಿ ಮರದ ಕಾಯಿ. ನಮ್ಮಪ್ಪ ನೆಟ್ಟಿದ್ದು. ಅದರ ಉಂಡೆ ಸದ್ದೇ ಬೇರೆ ಕಣಪ್ಪ. ಒಂದ್ಸಲ ಕೇಳ್ಬೇಕು ಅಂತ ದಿನಾ ಹೊರಡ್ತೀನಿ. ಉಸಿರು ಎಲ್ಲಿ ಸಾಕು ಅಂತದೋ ಅಲ್ಲಿ ನಿಂತು, ವಾಪಸ್ ಬತ್ತೀನಿ. ಆವತ್ತು ಆ ಅತ್ಲಾಗಿನ ತೊಲೆಗಂಟ ಹೋಗಿದ್ದೆ. ಇವತ್ತು ಈ ತೊಲೆ."

ಹೋಗುವ ಹೆಜ್ಜೆ, ನಿಲ್ಲುವ ಹೊತ್ತು, ಬರುವ ಹೆಜ್ಜೆ. ಅವರು ನಿಂತಾಗ ಚೆನ್ನಿಯ ಗೀಟು ನಿಲ್ಲುತ್ತಿತ್ತು. ಅವರು ಹಿಂದಿರುಗಿದ ಮೇಲೆ ಅಂಗೈ ಏಳುತ್ತಿತ್ತು. ಒಗಟು ಬಿಡಿಸಿಕೊಂಡಿತು. ನಿಜ ಹೇಳಬೇಕೆಂದರೆ ನನಗೆ ಕುಣಿಯುವಂತಾಯಿತು. ಧೂಳಿನಲ್ಲಿ ಅವರ ಹೆಜ್ಜೆಯ ಗುರುತು ಇದ್ದೇ ಇತ್ತು. ಮೆಟ್ಟಿಲಿಂದ ಅವರು ನಿಂತಲ್ಲಿಗೆ ಎಣಿಸಿದೆ: ಹದಿಮೂರು. ಅಲ್ಲಿಂದ ಕೊನೆಯ ಗೋಡೆಗೆ ಅವರ ಹೆಜ್ಜೆಯಳತೆಯಲ್ಲೇ ಕಾಲಿಟ್ಟು ನೋಡಿದೆ: ಹದಿನೆಂಟು. ಒಟ್ಟು ಮೂವತ್ತೊಂದು. ಸಾಕ್ಷ್ಯ ಎಂದರೆ ಹೀಗಿರಬೇಕು.

ರುದ್ರಯ್ಯನವರು ಕೆಳಗಿಳಿಯುವ ಮುಂಚೆ, ಬಲಿತವೆಂದು ಆರಿಸಿದ ಕಾಯಿಗಳನ್ನು ಪಕ್ಕಕ್ಕೆ ಎಣಿಸಿಟ್ಟರು. ಮೊದಲ ಕಾಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು "ಲಾಭ" ಎಂದರು. ಆಮೇಲೆ ಎರಡು, ಮೂರು. ನಮ್ಮ ಕಡೆ ರಾಗಿ ಅಳೆಯುವವರಾಗಲಿ ಕಾಯಿ ಎಣಿಸುವವರಾಗಲಿ 'ಒಂದು' ಎನ್ನುವುದೇ ಇಲ್ಲ, ಮೊದಲನೆಯದು ಲಾಭ. ಹುಟ್ಟಿದಾಗಿನಿಂದ ಕೇಳಿದ್ದೇನೆ. ಮೂಢನಂಬಿಕೆ ಎಂದು ಅಪ್ಪನೊಡನೆ ವಾದಿಸಿದ್ದೇನೆ. ಹಾಗಾಗಿಯೇ ನೋಡುವುದನ್ನು ಬಿಟ್ಟಿದ್ದೆ.

"ಯಾರ್ಗೂ ಹೇಳ್ಬ್ಯಾಡ ಮೇಷ್ಟ್ರೇ" ಎಂದರು ಮೆಟ್ಟಿಲ ಬಳಿ.

"ಇಲ್ಲ" ಎಂದೆ.

ಕೆಳಗೆ ಬಂದು ಕಂಬದ ಬುಡ ನೋಡಿದೆ. ಹನ್ನೆರಡು ಗೀಟು. ನಾನು ಎಣಿಸಿದ್ದು ಹದಿಮೂರು. ಥೂ, ಮತ್ತೆ ಒಂದು ಕಡಿಮೆ! ಚೆನ್ನಿಯ ಕಡೆ ತಿರುಗಿದೆ. ಅವಳು ಬೆರಳನ್ನು ಕಣ್ಣಿಗೆ ಮುಟ್ಟಿಸಿ, ಆಮೇಲೆ ಮೊದಲ ಗೀಟನ್ನು ತೋರಿಸಿದಳು.

 ಕಿವಿ ಕೇಳದ ಮಗು 'ಲಾಭ' ಎಂಬ ಮಾತನ್ನು ಕೇಳಿಲ್ಲ. ಅಂಗಳದಲ್ಲಿ ಕಾಯಿ ಎಣಿಸುವ ಗಂಡಸರು ಮೊದಲ ಕಾಯನ್ನು ಕಣ್ಣಿಗೆ ಒತ್ತಿಕೊಳ್ಳುವುದನ್ನು ನೋಡಿಕೊಂಡು ಬೆಳೆದಿದ್ದಾಳೆ, ಅಷ್ಟೆ. ಅವಳ ಲೆಕ್ಕದಲ್ಲಿ ಒಂದು ಎಂದರೆ ಅದು. ಬೆರಳು ಶುರುವಾಗುವುದು ಅದರ ನಂತರ. ಐದು ಎಂದರೆ ಕಣ್ಣಿಗೊಂದು, ಬೆರಳಲ್ಲಿ ನಾಲ್ಕು. ಒಂಬತ್ತರಲ್ಲಿ ನಾಲ್ಕು ಹೋದರೆ ಕಣ್ಣಿಗೊಂದು, ಬೆರಳಲ್ಲಿ ನಾಲ್ಕು. ಸರಿಯಾಗಿತ್ತು. ಮೊದಲ ದಿನದಿಂದಲೂ ಸರಿಯಾಗಿತ್ತು. ನಾನು ಅವಳ ಕೈ ಹಿಡಿದು ಇಳಿಸಿದಾಗ ಅವಳಿಂದ ಕಿತ್ತುಕೊಂಡದ್ದು ಭಕ್ತಿಯನ್ನಲ್ಲ, ಒಂದು ಎಂಬ ಸಂಖ್ಯೆಯನ್ನು. ಒಂದಿಲ್ಲದೆ ಯಾವ ಗಣಿತ ನಡೆದೀತು?

ಐದು ಬೀಜ ತೆಗೆದೆ. ಮೊದಲನೆಯದನ್ನು ನಾನೇ, ಗ್ರಹಣದ ಚಿತ್ರಾನ್ನದವನೇ, ಎರಡೂ ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ನಾಲ್ಕು ಬೆರಳು ಎತ್ತಿದೆ. ಚೆನ್ನಿ ನನ್ನನ್ನು ದಿಟ್ಟಿಸಿದಳು. ಕೊನೆಗೂ ಈ ಮೇಷ್ಟ್ರಿಗೆ ಬುದ್ಧಿ ಬಂತಲ್ಲ ಎಂಬಂತೆ ನನ್ನ ಬೆನ್ನು ತಟ್ಟಿದಳು. ಪುಟ್ಟಸ್ವಾಮಿ "ಹನ್ನೊಂದು!" ಎಂದು ಕೂಗಿದ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸೊಗಸಾದ ಪ್ರಬಂಧವಾಗುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಹೋದಾಗ ಚೆನ್ನಿಯ ಸ್ಲೇಟು ಬೀದಿ ಬಾಗಿಲ ಆಚೆ ಬಿದ್ದಿತ್ತು. ಗೀಟು ಹನ್ನೆರಡಕ್ಕೆ ಇಳಿದದ್ದನ್ನು ಪಾರ್ವತಕ್ಕ ನೋಡಿದ್ದಳು. ಕೆಂಪಮ್ಮ ಮಗಳ ರಟ್ಟೆ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ನಾನು ಕೊಟ್ಟ ಮಾತು ಒಂದು ಕಡೆ, ಆ ಸ್ಲೇಟು ಒಂದು ಕಡೆ. ಬೇರೆ ದಾರಿ ಇತ್ತೇ? ಒಳಗೆ ಹೋಗಿ ಮುದುಕರನ್ನೇ ಕೇಳಬಹುದಿತ್ತು. ಪಾರ್ವತಕ್ಕನನ್ನು ಒಬ್ಬಳನ್ನೇ ಪಕ್ಕಕ್ಕೆ ಕರೆಯಬಹುದಿತ್ತು. ಇವೆಲ್ಲ ನನಗೆ ಹೊಳೆದದ್ದು ಆಮೇಲೆ. ಆ ಹೊತ್ತಿನಲ್ಲಿ ಎದುರಿಗೆ ಸಭೆ ಇತ್ತು, ಕಿಸೆಯಲ್ಲಿ ಸಾಕ್ಷ್ಯವಿತ್ತು.

"ನಿಲ್ಲಿ!" ಎಂದೆ. ಮಗ, ಸೊಸೆ, ಅಂಗಳದ ಹೆಂಗಸರು, ರಾಜಮ್ಮನವರು ಎಲ್ಲರ ಮುಂದೆ ಒಂದೊಂದಾಗಿ ಮಂಡಿಸಿದೆ. ಅಟ್ಟ, ತೊಲೆ, ಕಂಬ, ಅಂಗೈ. ಧೂಳಿನ ಹೆಜ್ಜೆ. ಚೆನ್ನಿಯ ಲಾಭ. "ಇದು ಯಾರ ಆಯಸ್ಸೂ ಅಲ್ಲ, ಶಕುನವೂ ಅಲ್ಲ. ರುದ್ರಯ್ಯನವರು ದಿನಾ ಎಷ್ಟು ಹೆಜ್ಜೆ ನಡೀತಾರೋ ಅಷ್ಟು ಗೀಟು. ಅವರ ಉಸಿರು ಕಮ್ಮಿ ಆದ ಹಾಗೆ ಹೆಜ್ಜೆ ಕಮ್ಮಿ, ಹೆಜ್ಜೆ ಕಮ್ಮಿ ಆದ ಹಾಗೆ ಗೀಟು ಕಮ್ಮಿ. ಇಷ್ಟೇ!"

ಚಪ್ಪಾಳೆ ಬರುವ ಜಾಗದಲ್ಲಿ ನಿಲ್ಲಿಸಿದೆ.  ಅಂಗಳದ ಟಕಟಕವೂ ನಿಂತಿತ್ತು.

ಪಾರ್ವತಕ್ಕ ನಿಧಾನವಾಗಿ ಹೇಳಿದಳು: "ನಾನೂ ಅದನ್ನೇ ಅಲ್ವೇನಪ್ಪ ಹೇಳಿದ್ದು? ಮಾವನ ಆಯಸ್ಸು ಎಣಿಸ್ತಾವ್ಳೆ ಅಂತ."

 

ರುದ್ರಯ್ಯನವರು ಒಳಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನ್ನ ಕಡೆ ನೋಡಲಿಲ್ಲ. ಚೆನ್ನಿಯನ್ನು ನೋಡಿ ಹೇಳಿದರು: "ಅವ್ಳು ಇಲ್ಲೇ ಇರ್ಲಿ. ನಾನೆಲ್ಲಿಗಂಟ ಹೋದೆ ಅಂತ ನೋಡ್ಕಂಡೋಳು ಅವ್ಳೊಬ್ಳೇ." ಅಂದು ಸಂಜೆ ಮಗ ಅಟ್ಟದ ಬಾಗಿಲಿಗೆ ಬೀಗ ಹಾಕಿದ. ಕೀಲಿ ಪಾರ್ವತಕ್ಕನ ಸೊಂಟಕ್ಕೆ ಹೋಯಿತು. ಕಂಬದ ಗೀಟು ಹನ್ನೆರಡಕ್ಕೆ ನಿಂತಿತು. ಎರಡು ಗಂಟೆಗೆ ಚೆನ್ನಿ ಹೋಗಿ ಅಂಗೈ ಇಡುವಳು, ಕಾಯುವಳು, ನನ್ನ ಕಡೆ ತಿರುಗಿ ಖಾಲಿ ಕೈ ತೋರಿಸುವಳು. ನಾನು ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದೆ.

ಹತ್ತನೆಯ ದಿನ ರುದ್ರಯ್ಯನವರು ಮಲಗಿದಲ್ಲೇ ಹೋದರು. ತೋಟದಲ್ಲಿ ಬಾವಿ ಮರದ ಪಕ್ಕದಲ್ಲೇ ಕೂರಿಸಿ ಮಣ್ಣು ಮಾಡಿದರು. ಬೀಗ ಹಾಕಿದ್ದರಿಂದ ಉಳಿದದ್ದು ಹತ್ತು ದಿನವೋ, ಕಳೆದದ್ದು ಎಷ್ಟೋ, ಆ ಲೆಕ್ಕ ನಾನು ಮಾಡಿಲ್ಲ.

ಪರೀಕ್ಷೆಯ ಮೇಡಂ ಹೇಳಿದ ದಿನಕ್ಕೇ ಬಂದರು. ಹನ್ನೆರಡರಲ್ಲಿ ಐದು ಕಳೆ ಎಂದು ಬೀಜ ಇಟ್ಟು ತೋರಿಸಿದರು. ಚೆನ್ನಿ ಕಣ್ಣಿಗೆ ಮುಟ್ಟಿಸಿ, ಆರು ಬೆರಳು ಎತ್ತಿದಳು. "ಆರು. ತಪ್ಪು" ಎಂದು ಬರೆಯಹೊರಟ ಅವರ ಪೆನ್ನಿನ ಮೇಲೆ ನಾನು ಕೈಯಿಟ್ಟೆ. ಜೀವನದಲ್ಲಿ ಮೊದಲ ಸಲ ಚಿಕ್ಕದಾಗಿ ಮಾತಾಡಿದೆ. ಅವರು ಇನ್ನೂ ಹತ್ತು ಲೆಕ್ಕ ಕೊಟ್ಟರು. ಹತ್ತೂ ಸರಿ. "ಇದನ್ನ ಇವಳಿಗೆ ಬಿಡಿಸೋದು ಬೇಡ. ನಾವೇ ಕಲಿತ್ಕೋತೀವಿ" ಎಂದರು. ಕೆಂಪಮ್ಮ ಅಂಗಳದ ಮೂಲೆಗೆ ಹೋಗಿ ಅತ್ತಳು.

ಹೊರಡುವ ದಿನ. ತಿಪಟೂರಿಗೆ ಎರಡೂವರೆಯ ಬಸ್ಸು. ಟ್ರಂಕು ಬಾಗಿಲಲ್ಲಿತ್ತು. ಚೆನ್ನಿ ಹೊಸ ಲಂಗದಲ್ಲಿ ಹಜಾರ ದಾಟುತ್ತಿದ್ದವಳು ಗಕ್ಕನೆ ನಿಂತು, ಕಂಬದ ಬಳಿ ಹೋಗಿ ಅಂಗೈ ಒತ್ತಿದಳು. ಬಲಗೈ ಕಣ್ಣಿಗೆ ಹೋಯಿತು.

"ನೋಡಪ್ಪ, ಯಜಮಾನ್ರಿಗೆ ಕೈ ಮುಗೀತಿದಾಳೆ" ಎಂದು ರಾಜಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು.

 ಅದು ಕೈ ಮುಗಿಯುವುದಲ್ಲ, ಒಂದು ಎಂದು ನನಗೆ ಗೊತ್ತಿತ್ತು.

ಚೆನ್ನಿ ಕೂತು ಸೀಮೆಸುಣ್ಣ ತೆಗೆದಳು. ಗೀಟು, ಗೀಟು, ಗೀಟು. ತಡವರಿಸದೆ, ಒಂದೇ ಸಮನೆ, ಉಸಿರಿಗೆಂದು ನಿಲ್ಲಬೇಕಿಲ್ಲದ ಕಾಲಿನ ವೇಗದಲ್ಲಿ. ಹನ್ನೆರಡು ದಾಟಿತು. ಇಪ್ಪತ್ತೆರಡು ದಾಟಿತು. ಸಾಲು ಕಂಬದ ಮುಖ ಮುಗಿದು ಪಕ್ಕಕ್ಕೆ ಹೊರಳಿತು. ಮೂವತ್ತಕ್ಕೆ ನಿಂತಿತು. ಮೂವತ್ತು ಗೀಟು, ಕಣ್ಣಿಗೊಂದು.

ಅಂಗೈ ತೆಗೆಯದೆ ಕಾದಳು. ಬೀದಿಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಇನ್ನೂ ಕಾದಳು. ಕೊನೆಗೆ ನನ್ನ ಕಡೆ ನೋಡಿ ಅಡ್ಡಡ್ಡ ತಲೆಯಾಡಿಸಿದಳು: ಇಲ್ಲ, ವಾಪಸ್ ಬರಲಿಲ್ಲ. ಎದ್ದು, ಲಂಗ ಕೊಡವಿಕೊಂಡು, ಟ್ರಂಕಿನ ಹಿಂದೆ ಓಡಿದಳು.

ಕೀಲಿ ಪಾರ್ವತಕ್ಕನ ಸೊಂಟದಲ್ಲಿತ್ತು, ಹೋಗಿ ನೋಡಿದೆ. ಬೀಗ ಬಿದ್ದೇ ಇತ್ತು, ಅದನ್ನೂ ನೋಡಿದೆ. ನನ್ನ ಬಳಿ ವಿವರಣೆಗಳಿಗೆ ಬರವಿಲ್ಲ. ಇಲಿ ಇರಬಹುದು. ಬಿಸಿಲಿಗೆ ಬಿರಿದ ತೊಲೆ ಇರಬಹುದು. ನನ್ನ ಮುಖದ ಮೇಲೆ ಆ ಹತ್ತು ದಿನ ಏನಿತ್ತೋ ಅದನ್ನು ಓದಿಕೊಂಡು ಹುಡುಗಿ ಹೋಗುವಾಗ ನನಗೊಂದು ಸಮಾಧಾನ ಬರೆದುಕೊಟ್ಟಿರಬಹುದು. ಚಿಕ್ಕವಳಿದ್ದಾಗ ಆಳುಗಳ ಹಿಂದೆ ಅಟ್ಟ ಹತ್ತಿ ಗೋಡೆಯವರೆಗೆ ನಡೆದು ನೋಡಿರಬಹುದು. ಈ ಕೊನೆಯದು ನನಗೆ ಇಷ್ಟವಾದ ವಾದ. ವೇದಿಕೆಯ ಮೇಲಾದರೆ ಇದರಲ್ಲೇ ಗೆಲ್ಲುತ್ತಿದ್ದೆ. ಆದರೆ ಕೊನೆಯ ಗೋಡೆಗೆ ಮೂವತ್ತೊಂದು ಹೆಜ್ಜೆ ಎಂಬುದನ್ನು ನಾನು ಯಾರಿಗೂ, ಅಂದಿನ ಆ ಭಾಷಣದಲ್ಲೂ, ಹೇಳಿರಲಿಲ್ಲ.

ಪರೀಕ್ಷಿಸುವುದು ಸುಲಭವಿತ್ತು. ಹಜಾರದಲ್ಲಿ ಯಾರೂ ಉಳಿದಿರಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ, ಅವಳು ಹೇಳಿಕೊಟ್ಟ ಜಾಗದಲ್ಲಿ ಅಂಗೈ ಒತ್ತಿದ್ದರೆ ಆಗುತ್ತಿತ್ತು. ಸಂದೇಹವಾದಿ ಎನಿಸಿಕೊಂಡವನು ಮಾಡಬೇಕಾದದ್ದು ಅದೊಂದೇ.  ನಾನು ಕಂಬವನ್ನು ಸುತ್ತುಬಳಸಿ, ಗೋಡೆಯ ಪಕ್ಕದಿಂದ, ಹೊರಗೆ ಬಂದೆ.

ಗೋಡೆಯೇ ವಾಸಿ. ಸುಣ್ಣ ಮೆತ್ತುತ್ತದೆ, ನಿಜ. ಕೊಡವಿಕೊಂಡರೆ ಹೋಗುತ್ತದೆ.